ಬದುವಿನ ಮಣ್ಣು

ಕುಪ್ಪೇಲೂರು

ಮೊಮ್ಮಗಳು ದ್ರಾಕ್ಷಾಯಿಣಿಗೆ,

ಸತ್ತವರಿಗೆ ಕಾಗದ ಬರೆಯುವ ಹುಚ್ಚ ನಾನಲ್ಲ. ಆದರೆ ನಿನ್ನ ಮೇಲಿನ ಸಿಟ್ಟು ಯಾರನ್ನು ಬೈದರೂ ಇಳಿಯುತ್ತಿಲ್ಲ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು, ತಪ್ಪಿದ್ದರೆ ನೀನೇ ತಿದ್ದಿಕೊ.

ದಿಲ್ಲಿಯ ಆ ಶಾಂತಿ ಅಧ್ಯಯನ ಸಂಸ್ಥೆಗೆ ನೀನು ಸೇರಿದಾಗಲೇ ಕೇಳಿದ್ದೆ, "ನೀವು ಸರಕಾರ ಅಲ್ಲ, ಮಿಲ್ಟ್ರಿ ಅಲ್ಲ. ದೇಣಿಗಿ ಎತ್ತಿ ವರದಿ ಬರಿಯೋರು. ಬಂದೂಕ ಹಿಡದಾಂವ ನಿಮ್ಮ ಮಾತು ಯಾಕ ಕೇಳ್ಯಾನು?" ನೀನು ನಕ್ಕೆ. "ನಾವು ಯಾರ ಕಡೀಯವರೂ ಅಲ್ಲಜ್ಜಾ. ಅದಕ್ಕ ಇಬ್ಬರ ಬಾಗಲಿಗೂ ಹೋಗಾಕ ಬರತೈತಿ."

ಆಮೇಲೊಮ್ಮೆ ಫೋನು ಮಾಡಿ ನನ್ನನ್ನೇ ಪೊಲೀಸರಂತೆ ವಿಚಾರಿಸಿದೆ. ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದ ಪಕ್ಕದ ಹೊಲದ ನಾಸೀರನ ಜೊತೆ ಮತ್ತೆ ಹೇಗೆ ಕೂಡಿದೆ ಎಂದು. ಅವನ ತಾಯಿ ತೀರಿಕೊಂಡಳು, ಮಣ್ಣಿಗೆ ಹೋದೆ, ಅಷ್ಟೇ ಎಂದೆ. ಎಂಥ ಹಗೆಯಿದ್ದರೂ ಮಣ್ಣಿಗೆ ಹೋಗಲೇಬೇಕು. ಅವರಲ್ಲೂ ಹೂಳುತ್ತಾರೆ, ನಮ್ಮಲ್ಲೂ ಹೂಳುತ್ತಾರೆ. ಹಿಡಿ ಮಣ್ಣು ಹಾಕಿ ತಿರುಗಿದರೆ ಅವನು, "ಚಾ ಕುಡದು ಹೋಗಲೇ, ಸಿಡಕ ಮಾರಿ" ಎಂದ.

ಅದನ್ನೇ ನೀನು ವರದಿಯಲ್ಲಿ ಬರೆದೆ. ಸಮುದ್ರದಾಚೆ ಎಲ್ಲೋ ಹೊಡೆದಾಡುತ್ತಿದ್ದ ಎರಡು ಸೇನೆಗಳ ಬಳಿ ನಿಮ್ಮವರು ಅದನ್ನು ಹಿಡಿದುಕೊಂಡು ಹೋದರು. ಯುದ್ಧ ನಿಲ್ಲಿಸಲು ಆಗದಿದ್ದರೆ ಬಿಡಿ, ಹೆಣ ಹೂಳಲು ಒಂದು ದಿನ ಕೊಡಿ ಎಂದರು. ಕೊಟ್ಟರು! "ಅಜ್ಜಾ, ಇಡೀ ದಿನ ಒಂದು ಗುಂಡೂ ಹಾರಲಿಲ್ಲ" ಎಂದು ಫೋನಿನಲ್ಲಿ ಅಳುತ್ತಾ ನಕ್ಕೆ. "ಆತಲ್ಲ, ಇನ್ನ ಲಗೂ ಊರಿಗೆ ಬಾ" ಎಂದೆ. ಅಂಥದೇ ಇನ್ನೊಂದು ದಿನ ಕೊಡಿ ಎಂದು ಕೇಳಿ ಬರುತ್ತೇನೆ ಎಂದು ಹೋದೆ. ಇಬ್ಬರ ನಡುವಿನ ರಸ್ತೆಯಲ್ಲಿ ನಿನ್ನ ಗಾಡಿಯ ಮೇಲೆ ಶೆಲ್ ಬಿತ್ತು. ನಮ್ಮದಲ್ಲ ಎಂದು ಇವರು, ನಮ್ಮದಲ್ಲ ಎಂದು ಅವರು. ನಿನ್ನನ್ನು ತರಲು ಮಾತ್ರ ಇಬ್ಬರೂ ಬಿಡುತ್ತಿಲ್ಲ.

ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ನಿನಗೆ ಶ್ರದ್ಧಾಂಜಲಿ ಬ್ಯಾನರು ಕಟ್ಟಿದ್ದರು. ನಿನ್ನ ಮುಖಕ್ಕಿಂತ ಪುಢಾರಿಗಳ ಮುಖ ದೊಡ್ಡದು. ಹರಿದು ಹಾಕಿದೆ.

ನಿಮ್ಮ ಸಂಸ್ಥೆಯ ಶಶಿಕಾಂತ, ಬ್ಯಾಡಗಿ ಕಡೆಯ ಹುಡುಗ, ದಿನಾ ಫೋನು ಮಾಡುತ್ತಾನೆ. ಮೊದಲು ಸಭಾಂಗಣಕ್ಕೆ ನಿನ್ನ ಹೆಸರಿಡುತ್ತೇವೆ ಎಂದ. "ಹೆಸರು ತಗೊಂಡು ಏನ್ ಮಾಡ್ಲಿ? ನಮ್ಮ ಹುಡುಗೀನ್ನ ತರ್ರಿ" ಎಂದು ಒದರಿದೆ. ಈಗ ಅವನದು ಒಂದೇ ಮಾತು, "ಇಬ್ಬರನ್ನೂ ಕೇಳಾಕತ್ತೇವ್ರಿ, ಅಜ್ಜಾರ." ಬರೀ ಕೇಳುವುದು ಯಾವ ಸೀಮೆಯ ಕೆಲಸ ಎಂದು ನಿನ್ನನ್ನು ಬೈಯುತ್ತಿದ್ದೆ. ಈಗ ಆ ಫೋನು ಬಿಟ್ಟು ಹೊಲಕ್ಕೂ ಹೋಗುತ್ತಿಲ್ಲ. ಎರಡೂ ಬಾಗಿಲು ಬಡಿಯಬಲ್ಲವರು ಅವರಷ್ಟೇ ಉಳಿದಿದ್ದಾರೆ.

ನಿನ್ನೆ ಹೇಳಿದ, ಒಂದು ಕಡೆಯವರು ಒಪ್ಪಿದ್ದಾರೆ. ಇನ್ನೊಂದು ಕಡೆಯಿಂದ ಉತ್ತರವಿಲ್ಲ.

ನೀನು ಬಂದಾಗ ನಿನಗೆ ಹಾಕಲೆಂದು ನಾಸೀರ ಆ ಹಾಳು ಬದುವಿನಿಂದಲೇ ಮಣ್ಣು ತೆಗೆದು ಚೀಲದಲ್ಲಿ ತಂದಿಟ್ಟಿದ್ದಾನೆ. "ನನ್ನ ಕಡೀದು ಎಷ್ಟು ತಗದೀಯಲೇ?" ಎಂದೆ. "ಎಲ್ಲಾ ನಂದ ಐತಿ, ಬಾಯಿ ಮುಚ್ಚು" ಎಂದವನು ಅಳತೊಡಗಿದ.

ನೂರು ವರ್ಷ ಬಾಳು ಎಂದು ಹರಸುವುದು ಮುಗಿಯಿತು. ಹಗೆಯವರಿಗೂ ಆಡಬಾರದ ಮಾತಿನಿಂದಲೇ ಈಗ ಹರಸುತ್ತಿದ್ದೇನೆ: ನಿನಗೆ ಲಗೂ ಮಣ್ಣು ಸಿಗಲಿ, ನನ್ನವ್ವ.

ನಿನ್ನ ಸಿಡುಕ ಅಜ್ಜ,
ಪ್ರಭುಲಿಂಗಪ್ಪ