ಮುಂದೇನಾಗಬೇಕು ಎಂದು ಕೇಳುವ ಕಥೆ

ಅರಸೀಕೆರೆ
10 ನವೆಂಬರ್ 2024, ಭಾನುವಾರ

ಪ್ರೀತಿಯ ಮೇಘಶ್ರೀ,

ಮೈಸೂರಿನಲ್ಲಿ ನೀನು ಆರಾಮಾಗಿದ್ದೀಯ ಎಂದುಕೊಂಡಿದ್ದೇನೆ. ಹಾಸ್ಟೆಲ್ಲಿನ ಉಪ್ಪಿಟ್ಟು ತಿಂದುಕೊಂಡೂ ನಾನಿಲ್ಲಿ ಚೆನ್ನಾಗಿಯೇ ಇದ್ದೇನೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮೆಸೇಜು ಕಳಿಸಿ ಕಳಿಸಿ ನಿನಗೆ ಸಾಕಾಗಿದೆ, ಗೊತ್ತು. ಫೋನಿನಲ್ಲಿ ಒಂದು ಸಾಲು ಹಾಕಿದ್ದರೆ ಮುಗಿಯುತ್ತಿತ್ತು. ಬೇಕೆಂದೇ ಅಂಚೆಯಲ್ಲಿ ಬರೆಯುತ್ತಿದ್ದೇನೆ. ಈ ಕಾಗದದಲ್ಲಿ ಒತ್ತುವುದಕ್ಕೆ ಏನೂ ಇಲ್ಲ. ಮೊದಲನೇ ಹಾಳೆ ಆದಮೇಲೆ ಎರಡನೇ ಹಾಳೆ ಓದಬೇಕು, ಅಷ್ಟೇ. ನಿನ್ನಂಥವಳಿಗೆ ಕಷ್ಟವಾಗಬಹುದು, ಸ್ವಲ್ಪ ಸಹಿಸಿಕೋ.

ನೀನು ಮಾಡಿರುವ, ಓದುವವರೇ ಫೋನಿನಲ್ಲಿ ಒತ್ತಿ ಒತ್ತಿ ಮುಂದೆ ನಡೆಸಬೇಕಾದ ಇಂಟರ್ಯಾಕ್ಟಿವ್ ಕಥೆಯನ್ನು ಓದಿ ಹೇಗಿದೆ ಹೇಳು ಎಂದಿದ್ದೆ. ನಮ್ಮಮ್ಮ ನನ್ನನ್ನೂ ಅಪ್ಪನನ್ನೂ ಬಿಟ್ಟು ಬೇಲೂರಿನಿಂದ ಅರೇಹಳ್ಳಿಗೆ ಹೊರಟುಹೋದ ವಿಷಯವನ್ನು ಅದರಲ್ಲಿ ಸೇರಿಸಿಕೊಂಡಿರುವುದರಿಂದ, ಕಾಲೇಜಿನ ಪ್ರದರ್ಶನದಲ್ಲಿ ಇಡಬಹುದೋ ಬೇಡವೋ ಎಂದೂ ಕೇಳಿದ್ದೆ. 'ನೀನು ಬೇಡ ಅಂದ್ರೆ ಇಡಲ್ಲ ಕಣೇ, ದೇವ್ರಾಣೆ' ಎಂದು ಬರೆದವಳು, ಅದರ ಕೆಳಗೇ 'ಇದಿಲ್ಲದಿದ್ರೆ ಈ ವರ್ಷ ನಾನು ಪಾಸಾಗಲ್ಲ' ಎಂದೂ ಸೇರಿಸಿದ್ದೆ. ಮೊದಲನೇ ಮಾತು ನಿನ್ನದು. ಎರಡನೆಯದು ಕೊಬ್ಬರಿ ಮಂಡಿಯಲ್ಲಿ ಗಿರಾಕಿಯನ್ನು ಕೂರಿಸಿಕೊಂಡು ನಿಮ್ಮ ತಾತ ಕರಿಬಸವಯ್ಯನವರು ಆಡುವ ಧಾಟಿ. ಇರಲಿ, ಉತ್ತರ ಕೊಡುತ್ತೇನೆ. ಮೊದಲು ಓದಿದ ಕಥೆ ಕೇಳು.

ತೆರೆದ ಕೂಡಲೇ ಪರದೆಯೆಲ್ಲ ಕಪ್ಪಾಗಿ, 'ನೀವು ಓದುಗರಲ್ಲ, ನೀವೇ ಕಥೆ' ಎಂದು ಅಕ್ಷರ ಮೂಡಿತು. ಓದುವವಳಲ್ಲದಿದ್ದರೆ ನನ್ನನ್ನು ಯಾಕೆ ಕರೆದೆ ತಾಯಿ? ಆಮೇಲೆ ಹೆಡ್‌ಫೋನ್ ಹಾಕಿಕೊಳ್ಳಿ ಎಂದಿತು. ಹಾಕಿಕೊಂಡೆ. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ನಮ್ಮ ಹಾಸ್ಟೆಲ್ಲಿನ ಬಚ್ಚಲಲ್ಲಿ ಅದನ್ನು ದಿನಾ ಪುಕ್ಕಟೆ ಕೇಳುತ್ತೇನೆ. ಹೆಸರು ಕೇಳಿತು, ಕೊಟ್ಟೆ. 'ಮೇಧಿನಿ ಅವರೇ, ಗಾಳಿ ಬೀಸುತ್ತಿದೆ. ನಿಮಗೆ ಏನನ್ನಿಸುತ್ತಿದೆ?' ಎಂದು ಕೇಳಿ, ಆರಿಸಿಕೊಳ್ಳಲು ದುಃಖ, ಕುತೂಹಲ, ಮೌನ ಎಂದು ಮೂರನ್ನು ಮುಂದಿಟ್ಟಿತು. ಹಸಿವು ಎಂಬುದನ್ನು ಇಟ್ಟಿರಲಿಲ್ಲ. ಆಗ ನನಗೆ ಅನ್ನಿಸುತ್ತಿದ್ದುದು ಅದೊಂದೇ.

ಮೌನ ಒತ್ತಿದೆ. ದೇವಸ್ಥಾನದ ಹೊರಗೋಡೆಯೊಂದು ಬಂತು. ಸಾಲುಸಾಲು ಆನೆ, ಕುದುರೆ, ಬಳ್ಳಿ, ಹಂಸ. ಯಾವುದನ್ನು ಮುಟ್ಟಿದರೂ ಅದು ಸ್ವಲ್ಪ ಅಲುಗಾಡಿ ನಾಲ್ಕು ಸಾಲು ಕಥೆ ಉದುರಿಸುತ್ತದೆ. ಆ ನಾಲ್ಕು ಸಾಲನ್ನಾದರೂ ನೆಟ್ಟಗೆ ಓದೋಣವೆಂದರೆ ಮಸುಕಾಗುತ್ತದೆ. ಬರೆದವಳೇ ಅಳಿಸುವುದಾದರೆ ಬರೆದದ್ದೇಕೆ? ಆನೆಯ ಹತ್ತಿರ ಒಬ್ಬ ಹುಡುಗಿ ಬಂದಳು, ಹಂಸದ ಹತ್ತಿರ ಅವಳಿಗೆ ಮದುವೆಯಾಗಿತ್ತು, ಕುದುರೆಯ ಹತ್ತಿರ ಮತ್ತೆ ಶಾಲೆಗೆ ಹೋಗುತ್ತಿದ್ದಳು. ಇದನ್ನೇ ನಾನು ಪರೀಕ್ಷೆಯಲ್ಲಿ ಹೀಗೆ ಹಿಂದುಮುಂದಾಗಿ ಬರೆದರೆ ಸೊನ್ನೆ ಸುತ್ತುತ್ತಾರೆ. ನಿನಗೆ ಪ್ರದರ್ಶನ ಇಡುತ್ತಾರೆ.

ನಾನು ಬೇಲೂರಿನವಳು, ದೇವಸ್ಥಾನದ ಸೇವೆಯಲ್ಲಿರುವವರ ಮಗಳು. ಗೋಡೆ ಕಂಡರೆ ಬಲಕ್ಕಿಟ್ಟುಕೊಂಡು ಸುತ್ತು ಬರುವುದು ನನಗೆ ನಡೆಯಲು ಕಲಿತಾಗಲೇ ಬಂದದ್ದು. ಹಾಗೇ ಒಂದನ್ನೂ ಬಿಡದೆ ಮುಟ್ಟುತ್ತಾ ಪೂರಾ ಸುತ್ತು ಬಂದೆ. 'ನೀವು ಏನನ್ನೂ ಕಾಣಲಿಲ್ಲ. ಮತ್ತೆ ಪ್ರಯತ್ನಿಸಿ' ಎಂದಿತು. ಮತ್ತೆ ಸುತ್ತಿದೆ. ಅದೇ ಮಾತು. ನಡುವೆ ಒಂದು ಕಡೆ ಹಿಂದಕ್ಕೆ ತೋರಿಸುವ ಬಾಣವೊಂದು ಮಿಣುಕುತ್ತಿತ್ತು. ದೇವರ ಸುತ್ತು ಬರುವಾಗ ಯಾರಾದರೂ ಹಿಂದಕ್ಕೆ ತಿರುಗುತ್ತಾರೆಯೇ ಎಂದು ಅದನ್ನು ಮುಟ್ಟಲೇ ಇಲ್ಲ.

ನನ್ನ ತಲೆಯಲ್ಲೇ ದೋಷವಿರಬಹುದೆಂದು ನಮ್ಮ ಷಡಕ್ಷರಪ್ಪ ಮೇಷ್ಟ್ರಿಗೆ ತೋರಿಸಿದೆ. ಅವರು ಈಚೆಗೆ ಇಂಥದ್ದರ ಮೇಲೆ ವಿಚಾರ ಸಂಕಿರಣಗಳಲ್ಲಿ ಭಾಷಣ ಮಾಡಿ ಶಾಲು ಹೊದ್ದುಕೊಂಡು ಬರುತ್ತಾರೆ. ಫೋನನ್ನು ದೂರ ಹಿಡಿದು ನೋಡಿ, "ಅದ್ಭುತ ಕಣಮ್ಮ. ಇದು ಓದುಗನ ಸ್ವಾತಂತ್ರ್ಯ" ಅಂದರು.

"ಎಲ್ಲಿಗೂ ಹೋಗ್ತಾನೇ ಇಲ್ವಲ್ಲ ಸಾರ್" ಅಂದೆ.

"ಎಲ್ಲಿಗೂ ಹೋಗದಿರೋದೂ ಒಂದು ಸ್ವಾತಂತ್ರ್ಯಾನೇ."

ಆಮೇಲೆ ನೋಡಿದರೆ ಅವರು ಇನ್ನೂ ಹೆಸರು ಕೇಳುವ ಪುಟದಲ್ಲೇ ಇದ್ದರು. ಎಲ್ಲಿ ಬರೆಯಬೇಕೆಂದು ಗೊತ್ತಾಗಿರಲಿಲ್ಲ. ಈ ಜನರನ್ನು ನಂಬಿಕೊಂಡು ನೀವು ಕಥೆ ಮಾಡುತ್ತೀರಲ್ಲ, ನಿಮ್ಮನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಈವತ್ತು ಬೆಳಿಗ್ಗೆ ನಿಮ್ಮ ಮನೆಗೆ ಹೋಗಿದ್ದೆ. ತಾತ ಮಠಕ್ಕೆ ಹೋಗಿದ್ದರು. ಗುರುಸಿದ್ದಮ್ಮಜ್ಜಿ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ನಮ್ಮ ಮೇಘ ಅದೇನೋ ಕತೆ ಬರ್ದವ್ಳಂತಲ್ಲ, ಓದವ್ವ ಕೇಳಾನ" ಅಂದರು. ಪಕ್ಕದಲ್ಲಿ ಕೂತು ಓದಿದೆ. ಆನೆಯ ಹತ್ತಿರದ ಹುಡುಗಿ ಬಾವಿಗೆ ಹೋಗುವವರೆಗೆ ಕಿವಿಗೊಟ್ಟು ಕೇಳಿದರು.

"ಆಮ್ಯಾಕೇನಾಯ್ತು?"

"ನೀವೇ ಹೇಳಬೇಕಂತೆ ಅಜ್ಜಿ. ಅವಳು ನೀರು ಸೇದಬೇಕೋ, ಬಾವಿಗೆ ಬಗ್ಗಿ ನೋಡಬೇಕೋ, ವಾಪಸ್ ಹೋಗಬೇಕೋ ಅಂತ ಕೇಳ್ತಿದೆ."

ಅಜ್ಜಿ ಸುಲಿಯುವುದನ್ನು ನಿಲ್ಲಿಸಿದರು. "ನನ್ನೇ ಕೇಳ್ತೈತಾ? ಹಂಗಾರೆ ಇವ್ಳು ಬರ್ದಿದ್ದೇನು?"

ಮೇಘ, ನಾನು ಇಷ್ಟುದ್ದ ಬರೆದು ಹೇಳಲು ಒದ್ದಾಡುತ್ತಿರುವುದನ್ನು ನಿಮ್ಮಜ್ಜಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಆದರೂ ನೀರು ಸೇದಲಿ ಎಂದರು. ಬಾವಿಯ ತನಕ ಬಂದವಳು ಬರಿಗೈಲಿ ಹೋಗುವುದುಂಟೇ ಎಂಬುದು ಅವರ ಲೆಕ್ಕ. ನಾನು ಮತ್ತೆ ಸುತ್ತು ಹೊರಟೆ. ಗೋಡೆಯ ಒಂದು ಮೂಲೆಯಲ್ಲಿ, ಆ ಬಾಣ ಮಿಣುಕುವ ಕಡೆ, ಹಸುವಿನ ಮೂತಿಯಂಥ ಕಲ್ಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊದಲು ಹೆಡ್‌ಫೋನಿನಲ್ಲಿ ಕೇಳಿದ ಸದ್ದು ಇದೇ ಎಂದು ಆಗ ಗೊತ್ತಾಯಿತು. ದಾಟಿ ಮುಂದೆ ಹೋಗುತ್ತಿದ್ದಂತೆ ಅಜ್ಜಿ ನನ್ನ ಕೈ ಹಿಡಿದರು.

"ಏ, ಅದ್ನ ದಾಟ್ಬ್ಯಾಡ. ಈಸ್ವರನ ಗುಡಿ ಅಲ್ವೇನೇ ಅದು? ಅಭಿಸೇಕದ ನೀರು ಓಗಾ ಜಾಗ. ಅಲ್ಲಿಗಂಟ ಓಗಿ ಇಂದಕ್ಕೆ ತಿರುಗಬೇಕು."

"ನಮ್ಮಲ್ಲಿ ಪೂರ್ತಿ ಸುತ್ತು ಬರ್ತೀವಲ್ಲ ಅಜ್ಜಿ."

"ನಿಮ್ದು ಕೇಸವನ ಗುಡಿ ಕಣವ್ವ. ಇದು ನಮ್ದು."

ನೋಡು, ಅಷ್ಟು ದಿನ ನಾನು ಶಿವನ ಗುಡಿಯನ್ನು ಬೇಲೂರಿನ ಗುಡಿ ಎಂದುಕೊಂಡು ಸುತ್ತುತ್ತಿದ್ದೆ. ಹಳೇಬೀಡಿನ ಶಿವನ ಗುಡಿಗೆ ಎಷ್ಟೋ ಸಲ ಹೋಗಿದ್ದೇನೆ, ಆದರೆ ಅಲ್ಲಿ ನಾವು ಪ್ರವಾಸಿಗರ ಹಿಂದೆ ಗೋಡೆ ನೋಡುತ್ತಾ ನಡೆಯುತ್ತೇವೆಯೇ ಹೊರತು ಪ್ರದಕ್ಷಿಣೆ ಹಾಕುವುದಿಲ್ಲ. ನೀನು ನಿಮ್ಮ ಮನೆಯ ರೂಢಿಯನ್ನು ಕಥೆಯ ಬೀಗ ಮಾಡಿಟ್ಟು, ಜಗತ್ತಿನ ಓದುಗರೆಲ್ಲ ಬಂದು ತೆಗೆಯಲಿ ಎಂದು ಕಾಯುತ್ತಿದ್ದೀಯ. ನಿನ್ನ ಕಥೆಯನ್ನು ಓದಲು ಓದು ಬಂದರೆ ಸಾಲದು, ಪಕ್ಕದಲ್ಲಿ ನಿಮ್ಮಜ್ಜಿಯೂ ಕೂತಿರಬೇಕು. ಮೈಸೂರಿಗೆ ಬರುವ ಪರೀಕ್ಷಕರಿಗೆ ಅವರನ್ನು ಎಲ್ಲಿಂದ ತರುತ್ತೀ?

ಬಾಣ ಒತ್ತಿದೆ. ಗೋಡೆ ಹಿಂದಕ್ಕೆ ಸರಿಯಿತು, ಬಾಗಿಲು ತೆರೆಯಿತು, ಒಳಗೆ ಬೇಲೂರಿನ ಬಸ್ ಸ್ಟ್ಯಾಂಡು. ನಮ್ಮಮ್ಮ ಬ್ಯಾಗು ಹಿಡಿದುಕೊಂಡು ನಿಂತಿದ್ದಳು. ಹೆಸರು ಬದಲಾಯಿಸಿದ್ದೀ, ಆದರೂ ನೋಡಿದ ಕೂಡಲೇ ಗೊತ್ತಾಯಿತು. ನಾನು ಅಜ್ಜಿಗೆ ಚಾರ್ಜು ಮುಗಿಯಿತು ಎಂದು ಸುಳ್ಳು ಹೇಳಿ ಫೋನು ಒಳಗಿಟ್ಟೆ. "ಓಗ್ಲಿ ಬಿಡು, ಊಟ ಮಾಡ್ಕೊಂಡು ಓಗು" ಅಂದರು. ಮುದ್ದೆ, ಅವರೆಕಾಳಿನ ಸಾರು ಊಟ ಮಾಡಿಕೊಂಡು ಬಂದೆ. ಉಳಿದದ್ದನ್ನು ಹಾಸ್ಟೆಲ್ಲಿನಲ್ಲಿ ಒಬ್ಬಳೇ ಓದಿದೆ.

ಅದರ ಬಗ್ಗೆಯೂ ಹೇಳಿಬಿಡುತ್ತೇನೆ. ನಿನ್ನ ಬಸ್ ಸ್ಟ್ಯಾಂಡಿನಲ್ಲಿ ಸಂಜೆ, ಹಿಂದೆ ಕೊಳಲು, ಆಕಾಶಕ್ಕೆ ಕುಂಕುಮದ ಬಣ್ಣ. ಅಮ್ಮ ಹೋದದ್ದು ಹಾಡುಹಗಲಲ್ಲಿ. ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವರು ಕೂಗುತ್ತಿದ್ದರು, ಕಂಡಕ್ಟರ್ ಒಬ್ಬ ಚಿಲ್ಲರೆಗಾಗಿ ಯಾರ ಜೊತೆಗೋ ಜಗಳಕ್ಕೆ ಬಿದ್ದಿದ್ದ. ನಿನ್ನ ಕಥೆಯ ಅಮ್ಮ ಕಣ್ಣು ತುಂಬಿಕೊಂಡು ನಿಂತಿದ್ದಾಳೆ. ನಮ್ಮಮ್ಮ ಕಣ್ಣು ತುಂಬಿಕೊಳ್ಳಲಿಲ್ಲ. ಅವಳಿಗೆ ಅರೇಹಳ್ಳಿಯ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು, ಅಪ್ಪನ ಜೊತೆ ಇನ್ನು ಒಂದು ದಿನವೂ ಆಗುವುದಿಲ್ಲ ಎಂದಿದ್ದಳು, ಹೊರಟಳು. ಇದನ್ನೆಲ್ಲ ನಿನಗೆ ನಾನೇ ಹೇಳಿದ್ದೆ. ಹೇಳಿದ್ದನ್ನು ಹಾಗೇ ಬರೆಯಲು ನಿನಗೇನು ಧಾಡಿ? ಕೊಳಲು ಯಾಕೆ ಬೇಕಿತ್ತು?

ಹಾಗಾಗಿ ನನ್ನ ಉತ್ತರ, ಬೇಡ. ಮರ್ಯಾದೆಯ ಪ್ರಶ್ನೆ ಎಂದುಕೊಳ್ಳಬೇಡ. ಅಮ್ಮ ಮನೆ ಬಿಟ್ಟದ್ದು ದೇವಸ್ಥಾನದ ಬೀದಿಗೆಲ್ಲ ಗೊತ್ತು, ಅಪ್ಪನೂ ಈಗ ತಲೆ ತಗ್ಗಿಸುವುದು ಬಿಟ್ಟಿದ್ದಾರೆ. ಕೆಟ್ಟದಾಗಿ ಮಾಡಿದ್ದೀ, ಅದಕ್ಕೇ ಬೇಡ. ಆ ಕೋಣೆಯನ್ನು ತೆಗೆದುಹಾಕು. ಬೇಕಾದರೆ ಅಲ್ಲಿ ನಮ್ಮ ಷಡಕ್ಷರಪ್ಪನವರನ್ನು ಕೂರಿಸು, ಹೆಸರು ಹುಡುಕುತ್ತಾ ಇರಲಿ.

ಬೈದದ್ದು ಜಾಸ್ತಿಯಾಯಿತೇನೋ. ನೀನು ಚೆನ್ನಾಗಿರಬೇಕು, ಪಾಸಾಗಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಅಜ್ಜಿ ಆಶೀರ್ವಾದ ಹೇಳಿದ್ದಾರೆ, ನೀನು ಬರುವ ಹೊತ್ತಿಗೆ ಕೊಬ್ಬರಿ ಮಿಠಾಯಿ ಮಾಡಿಟ್ಟಿರುತ್ತಾರಂತೆ. ನನ್ನದೂ ಆಶೀರ್ವಾದ ಸೇರಿಸಿಕೋ, ನಿನಗಿಂತ ಎರಡು ತಿಂಗಳು ದೊಡ್ಡವಳಲ್ಲವೇ.

ನಿನ್ನ,
ಮೇಧಿನಿ

ಮತ್ತೆ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಕೊಳಲಿನ ವಿಷಯ ಬಿಡು, ಇದ್ದರೆ ಇರಲಿ. ಬೇಡ ಎಂದದ್ದು ಅದಕ್ಕಲ್ಲ.

ಬಸ್ಸು ಬಂದಾಗ ನಿನ್ನ ಕಥೆ ಕೇಳುತ್ತದೆ, ಅಮ್ಮನನ್ನು ಕರೆಯುತ್ತೀರಾ, ಸುಮ್ಮನಿರುತ್ತೀರಾ ಎಂದು. ನಾನು ಕರೆ ಎಂಬುದನ್ನು ಒತ್ತಿದೆ. ಅವಳು ತಿರುಗಿ ನೋಡಿದಳು, ಬಸ್ಸಿನ ಮೆಟ್ಟಿಲು ಇಳಿದಳು, ಬಂದು ತಬ್ಬಿಕೊಂಡಳು. ಮತ್ತೆ ಮತ್ತೆ ಒತ್ತಿದೆ. ಪ್ರತಿ ಸಲವೂ ಇಳಿದಳು.

ಮೇಘ, ನಾನು ಆವತ್ತು ಕರೆದಿದ್ದೆ ಕಣೇ. ಅದೊಂದನ್ನು ನಿನಗೆ ಹೇಳಿರಲಿಲ್ಲ, ಯಾರಿಗೂ ಹೇಳಿಲ್ಲ. ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಅಮ್ಮಾ ಎಂದು ಕೂಗಿದ್ದೆ. ಅವಳೂ ತಿರುಗಿದಳು. ನನ್ನ ಮುಖ ನೋಡಿದಳು. ನೋಡಿ, ಹತ್ತಿದಳು.

ನಿನ್ನ ಪ್ರದರ್ಶನಕ್ಕೆ ಬಂದವರೆಲ್ಲ ಕರೆ ಎಂದೇ ಒತ್ತುತ್ತಾರೆ, ಯಾರು ತಾನೇ ಸುಮ್ಮನಿರು ಎಂದು ಒತ್ತುತ್ತಾರೆ? ಎಲ್ಲರಿಗೂ ಅವಳು ಇಳಿದು ಬರುತ್ತಾಳೆ. ಅವರೆಲ್ಲ ಮನೆಗೆ ಹೋಗುವಾಗ, ಮಗಳು ಒಂದು ಸಲ ಕರೆದಿದ್ದರೆ ಸಾಕಿತ್ತು ಎಂದುಕೊಂಡು ಹೋಗುತ್ತಾರೆ. ಅದನ್ನು ನಾನು ತಡೆದುಕೊಳ್ಳಲಾರೆ.

ಪ್ರದರ್ಶನದಲ್ಲಿ ಇಡು. ಆ ಬಟನ್ನೂ ಇರಲಿ, ಎಲ್ಲರೂ ಒತ್ತಲಿ. ಒತ್ತಿದರೂ ಅವಳು ಹೋಗಬೇಕು. ಅಷ್ಟು ಮಾಡಿದರೆ ನನ್ನ ಒಪ್ಪಿಗೆ ಇದೆ.

ಮೇ.