ಕಣ್ಣಾರೆ ಕಂಡ ಹಡಗು

ಅಕ್ಕಾ,

ನೈಸಿಯಾದಲ್ಲಿ ಆರಾಮವಾಗಿದ್ದೇನೆ. ಜ್ವರ ಬಿಟ್ಟಿತು, ಮಂಡಿನೋವು ಬಿಟ್ಟಿಲ್ಲ.

ನಿನ್ನೆ ಗೆಳೆಯರ ಮುಂದೆ ನನ್ನ ಚರಿತ್ರೆ ಓದಿದೆ. ನಮ್ಮ ಕಾನ್‌ಸ್ಟಾಂಟಿನೋಪಲ್ ಪಶ್ಚಿಮದಿಂದ ಹಡಗೇರಿ ಬಂದ ಲ್ಯಾಟಿನರ ಕೈಗೆ ಬಿದ್ದ ದಿನದ ಅಧ್ಯಾಯ. ಚರಿತ್ರೆ ಬರೆಯುವವರೆಲ್ಲ ಹಾಕುವ ಹಾಗೆ ನಾನೂ ಹಾಕಿದ್ದೆ: "ಇದನ್ನು ಬರೆಯುತ್ತಿರುವ ನಾನೇ ಕಣ್ಣಾರೆ ಕಂಡದ್ದು." ಎಲ್ಲರೂ ತಲೆದೂಗಿದರು. ಕಲೋಕಿರೋಸ್ ಅಂತ ಒಬ್ಬ ಮುದಿ ನಾವಿಕ, ಬಾಯಿಗೆ ಬೀಗವಿಲ್ಲ, "ಹೌದೇನಯ್ಯಾ ಲಿಯೊಂಟಿಯೋಸ್? ಕೋಟೆಗೆ ಮೊದಲು ತಾಗಿದ ಹಡಗಿನ ಹಾಯಿ ಯಾವ ಬಣ್ಣ ಹೇಳು ನೋಡೋಣ" ಎಂದ. ನಾನು ಹಾಳೆ ತಿರುವಿ ಹುಡುಕತೊಡಗಿದೆ. "ಕಣ್ಣು ಮುಚ್ಕೊಂಡು ಕಂಡ್ಯೇನಪ್ಪಾ?" ಎಂದ. ಎಲ್ಲರೂ ನಕ್ಕರು.

ನಿನಗೆ ಗೊತ್ತಲ್ಲ, ಆಗ ನಾನು ನೆಲಮಾಳಿಗೆಯಲ್ಲಿ ಎಣ್ಣೆ ಗುಡಾಣಗಳ ಸಂದಿಯಲ್ಲಿ ಕೂತಿದ್ದೆ. ಮಹಡಿಯ ಕಿಟಕಿಯಲ್ಲಿ ನಿಂತು ನೋಡಿದವಳು ನೀನು, ಕಂಡದ್ದನ್ನು ಕೆಳಗೆ ನನಗೆ ಕೂಗಿ ಹೇಳಿದವಳೂ ನೀನೇ. ಹಾಯಿಯ ಬಣ್ಣವೊಂದನ್ನು ಹೇಳಿರಲಿಲ್ಲ. ಅಮ್ಮನ ಸಮಾಧಿ ಬಿಟ್ಟು ಬರಲ್ಲ ಅಂತ ನೀನು ಅಲ್ಲೇ ಉಳಿದೆ, ನಾನು ಇಲ್ಲಿಗೆ ಓಡಿಬಂದೆ. ಮೂರು ವರ್ಷವಾಯಿತು. ನಿನ್ನೆ ಓದುವಾಗ ಸಾಲು ಸಾಲಿನಲ್ಲೂ ನಿನ್ನ ದನಿಯೇ ಕೇಳುತ್ತಿತ್ತು.

ಇವತ್ತು ಬೆಳಿಗ್ಗೆ ಆ ಸಾಲು ಕೆರೆದುಹಾಕಿ "ನನ್ನ ಅಕ್ಕ ಕಂಡದ್ದು" ಎಂದು ಬರೆದೆ. ಕಲೋಕಿರೋಸ್ ಅದಕ್ಕೂ ತಯಾರು: "ಚರಿತ್ರೆಯೊಳಗೆ ಅಕ್ಕನ್ನ ಯಾರಯ್ಯಾ ಕೂರಿಸ್ತಾರೆ?" ನಾನು ಕೂರಿಸುತ್ತೇನೆ, ಅವನೇನು ಕೇಳುವುದು?

ಉಣ್ಣೆ ವ್ಯಾಪಾರಿ ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದಾನೆ, ಇದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಹಾಯಿಯ ಬಣ್ಣಕ್ಕೆ ಒಂದು ಪದದಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಬರೆದು ಕಳಿಸಬೇಡ, ಅಕ್ಕಾ. ಬಂದು ಹೇಳು.

ನಿನ್ನ ತಮ್ಮ