ಅಕ್ಕನ ಸರದಿ

ಜೂನ್ 8, ಭಾನುವಾರ

ನಿಧಾನವಂತೆ. ನನ್ನ ಫೈಟ್ ನಿಧಾನವಂತೆ! ಹೇಳುವವನು ಯಾರು? ಬೇಕರಿ — ಬೇಕರಿಯಲ್ಲಿ ಕೆಲಸ, ಹೆಸರೂ ಅದೇ ಆಗಿಹೋಗಿದೆ. ತನ್ನ ಸರದಿ ಬಂದಾಗ ಫೋನಿಂದ ತಲೆ ಎತ್ತಿ "ಈಗ ಯಾರು ಯಾರನ್ನ ಹೊಡೀತಿದಾರೆ?" ಅಂತ ಕೇಳುವವನು. ಅದನ್ನು ಅವನೆದುರೇ ಹೇಳಬೇಕಿತ್ತು. ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲೆ ಇಲ್ಲಿ ಕೂತು ಜಗಳ ಆಡುತ್ತಿದ್ದೇನೆ.

ಆಟದ ಕಥೆಯಲ್ಲಿ ಸೇತುವೆ ಮೇಲೆ ಆರು ದರೋಡೆಕೋರರು, ಅವರಿಗೊಬ್ಬ ನಾಯಕ. ಎದುರಿಗೆ ಆಡುವ ಇವರು ಮೂವರು. ಬೇಗ ಮುಗಿಯುತ್ತೆ ಅಂದುಕೊಂಡಿದ್ದೆ. ಸಂಜೆಯೆಲ್ಲ ತಿಂದುಹಾಕಿತು. ಮುಗಿಯಲೂ ಇಲ್ಲ.

ಹೊರಡುವಾಗ ಅಂದ: "ಲೋ, ನಾನು ಕೋಳಿಗಿಂತ ಮುಂಚೆ ಎದ್ದು ಹಿಟ್ಟು ಕಲಸ್ಬೇಕು. ಇನ್ನೊಂದು ವಾರ ನೋಡ್ತೀನಿ. ಹಿಂಗೇ ಎಳೆದ್ರೆ ನನ್ನ ಕತ್ತಿಯವನನ್ನ ಆ ಸೇತುವೆಯಿಂದ ತಳ್ಳಿಬಿಡು."

ಅವನು ಬರದಿದ್ದರೆ ಉಳಿಯುವುದು ಅಕ್ಕ, ಟೈಲರ್ ಮಾಮ. ಇಬ್ಬರಿಗೆ ಏನು ಆಡಿಸಲಿ? ಆಟ ನಿಂತ ಹಾಗೇ.

ಅಮ್ಮನಿಗೆ ಖುಷಿ ಆಗಬಹುದು. "ಬೋರ್ಡಿಲ್ಲ, ಕಾಯಿಲ್ಲ, ಅದೆಂಥ ಆಟವೋ!" ಎಷ್ಟು ಸಲ ಹೇಳಿದೆ — ಕಥೆ ನಾನು ನಡೆಸ್ತೀನಮ್ಮ, ಅವರು ಒಬ್ಬೊಬ್ಬರು ಒಂದೊಂದು ಪಾತ್ರ, ಏನು ಮಾಡ್ತೀವಿ ಅಂತ ಅವರು ಹೇಳ್ಬೇಕು, ಆಗುತ್ತೋ ಇಲ್ವೋ ದಾಳ ಹೇಳುತ್ತೆ. "ಹಂಗಾದ್ರೆ ಗೆಲ್ಲೋರು ಯಾರು?" ಯಾರೂ ಇಲ್ಲ. "ಮತ್ಯಾಕೆ ಹಂಗೆ ಕಿರುಚ್ತೀರಾ?"

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ನಾನು. ಹತ್ತನೇ ಕ್ಲಾಸಿನ ತನಕ ಬೆಂಚ್ ಮೇಲೆ ಹೇಗೆ ಕೂತಿದ್ದೆನೋ. ಈಗ ವಾರಕ್ಕೊಮ್ಮೆ ಒಂದು ಕಡೆ ಕೂರುವುದು ಈ ಟೇಬಲ್ ಹತ್ತಿರ ಮಾತ್ರ. ಇದೂ ಹೋದರೆ...

ಜೂನ್ 9

ಯೋಚಿಸಿದೆ. ತಡ ಮಾಡುವುದು ಬೇಕರಿ ಅಲ್ಲ. ಅಕ್ಕ.

ಅಕ್ಕನದು ಕಳ್ಳಿಯ ಪಾತ್ರ. ಸೇತುವೆಯ ಕೆಳಗೆ ಹಗ್ಗ ಹಿಡಿದು ನೇತಾಡುತ್ತಿದ್ದಾಳೆ. ಏನು ಮಾಡ್ತೀಯ ಅಂದರೆ, "ಇರು..." ಹಗ್ಗ ಎಷ್ಟು ಉದ್ದ? ಕೆಳಗೆ ನೀರಿದೆಯಾ? ನಾಯಕ ಬಲಗೈಯವನಾ? ಮತ್ತೆ "ಇರು..."

ಬೇಕರಿ ನಿನ್ನೆಯೇ ಅಂದಿದ್ದ: "ಅಕ್ಕಾ, ನಿಮ್ಮ ಕಳ್ಳಿ ಯೋಚನೆ ಮಾಡೋಷ್ಟರಲ್ಲಿ ಮನೆಯೋರು ಎದ್ದು, ಕಾಫಿ ಕುಡಿದು, ಪೊಲೀಸಿಗೆ ಫೋನ್ ಮಾಡಿರ್ತಾರೆ." ಎಲ್ಲರೂ ನಕ್ಕರು. ಅಕ್ಕನೂ.

ಜೂನ್ 11, ಮಧ್ಯಾಹ್ನ

ಸಿಕ್ಕಿತು! ನಮ್ಮದು ಲಿಫ್ಟ್ ರಿಪೇರಿ ಕೆಲಸವಲ್ಲ, ಇವತ್ತು ಒಂದು ಹಳೇ ಲಿಫ್ಟ್ ಬಿಚ್ಚುತ್ತಿದ್ದೆವು. ಜನ ಜಾಸ್ತಿ ಹತ್ತಿದರೆ ಕೂಗುತ್ತಲ್ಲ, ಆ ಬಜರ್. ಗುಜರಿಗೆ ಹಾಕುವುದರಲ್ಲಿದ್ದರು. ಮೇಸ್ತ್ರಿಯನ್ನು ಕೇಳಿದೆ. "ತಗೊಂಡು ಹೋಗು, ಮನೆಯಲ್ಲಿ ಎಲ್ಲರ ತಲೆ ತಿನ್ನು."

ಬ್ಯಾಟರಿ ಹಾಕಿ, ಟೈಮರ್ ಜೋಡಿಸಿದೆ. ಸಮಯದೊಳಗೆ ಹೇಳದಿದ್ದರೆ ಕೊಂಯ್... ಸರದಿ ಖಲಾಸ್.

ಜೂನ್ 15, ಭಾನುವಾರ

ಫೈಟ್ ಓಡಿತು. ಕುದುರೆ ಥರ ಓಡಿತು. ಬೇಕರಿ ಕುರ್ಚಿ ಮೇಲೆ ನಿಂತು ಕತ್ತಿ ಬೀಸಿದ. ಮಾಮನ ಮಂತ್ರವಾದಿ ಗಾಬರಿಯಲ್ಲಿ ತನ್ನ ಗಡ್ಡಕ್ಕೇ ಬೆಂಕಿ ಹಚ್ಚಿಕೊಂಡ. ಇಬ್ಬರು ದರೋಡೆಕೋರರು ಬಿದ್ದರು. ಇಷ್ಟು ನಕ್ಕು ಎಷ್ಟು ದಿನ ಆಗಿತ್ತೋ.

ಅಕ್ಕನ ಸರದಿ. "ಇರು, ಹಗ್ಗ..." ಕೊಂಯ್. ಮುಂದೆ.

ಮತ್ತೆ ಅಕ್ಕ. ಬಾಯಿ ತೆರೆದಳು. ಕೊಂಯ್. "ಮುಂದೆ!" ಅಂದೆ. ಮಾಮ ನನ್ನ ಕಡೆ ನೋಡಿದ. ನಾನು ನೋಡಲಿಲ್ಲ.

ಮೂರನೇ ಸಲ ಕೂಗಿದಾಗ ಅಕ್ಕ ಎದ್ದಳು. ಸಿಟ್ಟಿಲ್ಲ, ಜೋರಿಲ್ಲ. ದಾಳಗಳನ್ನು ಒಟ್ಟು ಮಾಡಿ ನನ್ನ ಮುಂದಿಟ್ಟಳು. "ನನ್ನ ಕಳ್ಳಿ ಹಗ್ಗ ಬಿಟ್ಟಳು ಅಂತ ಹೇಳು. ನೀರಿಗೆ ಬಿದ್ದಳು. ಆಯ್ತು."

ರೂಮಿಗೆ ಹೋದಳು.

ಆಮೇಲೆ ಯಾರೂ ಆಡಲಿಲ್ಲ. ಬೇಕರಿ ಕೂಡ.

ಜೂನ್ 24

ಕಳೆದ ಭಾನುವಾರ ಟೇಬಲ್ ಖಾಲಿ. ಅಕ್ಕ ಮಾತಾಡುತ್ತಾಳೆ — ಸೋಪು ತಗೊಂಡು ಬಾ, ಫ್ಯಾನ್ ಆರಿಸು. ಅಷ್ಟೇ.

ಇವತ್ತು ಕನ್ನಡಕ ಮರೆತು ಕೆಲಸಕ್ಕೆ ಹೋಗಿದ್ದಳು. ಅಮ್ಮ ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು. ಅಕ್ಕನದು ಆಂಬುಲೆನ್ಸ್ ಕಂಟ್ರೋಲ್ ರೂಮ್. ಗೇಟ್ ದಾಟಿ ಒಳಗೆ ಹೋಗಿದ್ದು ಇದೇ ಮೊದಲು. ಗಾಜಿನ ಆಚೆ ನಿಲ್ಲಿಸಿದರು.

ಸಾಲಾಗಿ ಮೇಜು, ಎಲ್ಲರ ಕಿವಿಗೂ ಹೆಡ್‌ಫೋನ್. ಫೋನ್ ಎತ್ತುವುದು ಸ್ವಲ್ಪ ತಡವಾದರೂ ಕೆಂಪು ಲೈಟ್. ಮತ್ತೆ ಸದ್ದು.

ಕೊಂಯ್.

ಅದೇ ಸದ್ದು.

ಅಕ್ಕನ ದನಿ ಕೇಳಿಸುತ್ತಿತ್ತು. "ಉಸಿರಾಡ್ತಿದಾರಾ? ಹೌದು, ಇಲ್ಲ, ಅಷ್ಟೇ ಹೇಳಿ. ನೆಲದ ಮೇಲೆ ಮಲಗಿಸಿ. ಈಗ. ಗಾಡಿ ಹೊರಟಿದೆ, ಫೋನ್ ಇಡಬೇಡಿ." ಒಂದು "ಇರು" ಇಲ್ಲ. ನಮ್ಮ ಅಕ್ಕನೇನಾ ಇವಳು? ಮುಗಿಯುವುದರೊಳಗೆ ಇನ್ನೊಂದು. ಕೊಂಯ್.

ಕನ್ನಡಕ ವಾಚ್‌ಮನ್ ಕೈಗೆ ಕೊಟ್ಟು ಬಂದೆ.

ಜೂನ್ 25, ಸಂಜೆ

ಬಜರ್ ಬಿಚ್ಚಿ ಹಾಕಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ನಿನ್ನೆ ಬಂದಿದ್ಯಂತೆ."

"ಹೂಂ."

ಒಳಗೆ ಬಂದು ಬಿಚ್ಚಿದ ಸ್ಕ್ರೂಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. ಆಮೇಲೆ: "ಅಲ್ಲಿ ನಾನು ಯೋಚನೆ ಮಾಡ್ತಾ ಕೂತ್ರೆ ಒಂದು ಜೀವ ಹೋಗುತ್ತೆ ಕಣೋ. ಇಲ್ಲಿ ಕೂತ್ರೆ ಬೇಕರಿಗೆ ಆಕಳಿಕೆ ಬರುತ್ತೆ, ಅಷ್ಟೇ. ಅದಕ್ಕೇ ಬರ್ತಿದ್ದೆ."

"ಕಳ್ಳಿ ಹಗ್ಗ ಬಿಟ್ಟಿಲ್ಲಕ್ಕ," ಅಂದೆ. "ನಾನು ಹೇಳೋ ತನಕ ಬೀಳಲ್ಲ."

ನಕ್ಕಳಾ? ಗೊತ್ತಾಗಲಿಲ್ಲ.

ಜೂನ್ 27

ಮಾಮನ ಅಂಗಡಿಗೆ ಹೋದೆ. ಬೇಕರಿಗೆ ಬೇಗ ಮನೆ ಸೇರಬೇಕು, ಅಕ್ಕನಿಗೆ ನಿಧಾನ ಬೇಕು, ಏನು ಮಾಡಲಿ?

ಮಾಮ ಬಾಯಲ್ಲಿದ್ದ ಗುಂಡುಪಿನ್ ತೆಗೆದ. "ಬೇಜಾರು ಮಾಡ್ಕೋಬೇಡ. ಎಲ್ಲರಿಗಿಂತ ಉದ್ದ ನಿನ್ನ ಚಾನ್ಸೇ."

"ನಂದಾ?"

"ಏಳು ಜನಕ್ಕೂ ಬೇರೆ ಬೇರೆ ದಾಳ ಹಾಕ್ತೀಯ. ಒಬ್ಬೊಬ್ಬನ ಮೀಸೆನೂ ವರ್ಣನೆ ಮಾಡ್ತೀಯ. ಅವರೂ ಏನು ದರೋಡೆಕೋರರಪ್ಪ? ಒಬ್ಬನಿಗೂ ಹೆಂಡ್ತಿ ಮಕ್ಕಳಿಲ್ವಾ? ಸೋತ ಮೇಲೂ ಓಡಿಹೋಗಲ್ಲ, ಸಾಯೋ ತನಕ ನಿಂತು ಹೊಡೆದಾಡ್ತಾರೆ. ನಾನಾಗಿದ್ರೆ ಯಾವಾಗಲೋ ಪೇರಿ ಕೀಳ್ತಿದ್ದೆ."

ಅಂಗೈ ಹುಣ್ಣಿಗೆ ಕನ್ನಡಿ ಬೇಕಾಯಿತು.

ಹೊಸ ಪ್ಲಾನ್. ಚಿಲ್ಲರೆ ದರೋಡೆಕೋರರು ಒಂದೇ ಏಟಿಗೆ ಬೀಳಬೇಕು. ಎಲ್ಲರಿಗೂ ಸೇರಿ ಒಂದೇ ದಾಳ. ನಾಯಕ ಬಿದ್ದರೆ ಉಳಿದವರು ಪರಾರಿ. ಆಮೇಲೆ — ಇದು ಮೇಸ್ತ್ರಿ ಕಲಿಸಿದ್ದು. ಲಿಫ್ಟ್ ಒಳಗೆ ಸಿಕ್ಕಿಕೊಂಡವರಿಗೆ 'ಬೇಗ ಬೇಗ' ಅನ್ನಬಾರದು, ಮುಂದೇನು ಅಂತ ಮೊದಲೇ ಹೇಳುತ್ತಿರಬೇಕು. ಹಾಗೇ: "ಈಗ ಮಾಮ, ಆಮೇಲೆ ಅಕ್ಕ." ಯೋಚಿಸಲು ಸಮಯ ಅಲ್ಲೇ ಸಿಗುತ್ತೆ.

ಜೂನ್ 29, ಭಾನುವಾರ, ಸಂಜೆ

ಟೇಬಲ್ ಮೇಲೇ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಬಂದಿದ್ದಾರೆ. ಮೂವರೂ. ಬೇಕರಿಯ ಫೋನ್ ಜೇಬಿನಲ್ಲೇ ಇದೆ. ಒಂದೊಂದೇ ಏಟಿಗೆ ಒಬ್ಬೊಬ್ಬ ಬಿದ್ದು, ಸೇತುವೆ ಮೇಲೆ ಈಗ ಉಳಿದಿರುವುದು ನಾಯಕ, ಅವನ ಇಬ್ಬರು ಬಂಟರು. ಇನ್ನೂ ಬೆಳಕಿದೆ.

ಅಕ್ಕನ ಸರದಿ. ನಾಯಕ ನಿಂತಿರುವುದು ಅವಳ ತಲೆಯ ಮೇಲೇ. ಅವನು ಬಿದ್ದರೆ ಎಲ್ಲ ಮುಗಿಯುತ್ತೆ.

"ಇರು..." ಅಂದಿದ್ದಾಳೆ.

ಇದ್ದೇನೆ.

ಕಣ್ಣು ಮುಚ್ಚಿದ್ದಾಳೆ. ಬೆರಳಲ್ಲಿ ಟೇಬಲ್ ಮೇಲೆ ಹಗ್ಗ ಎಳೆಯುತ್ತಿದ್ದಾಳೆ. ಮುಖದಲ್ಲಿ ಎಂಥದೋ ಆರಾಮ. ಬೇರೆ ಹೊತ್ತಿನಲ್ಲಿ ಕಂಡಿಲ್ಲ. ಬೇಕರಿಗೆ ಆಕಳಿಕೆ ಬಂತು, ನುಂಗಿಕೊಂಡ. ಮಾಮ ಟೇಬಲ್ ಕೆಳಗೆ ನನ್ನ ಕಾಲು ಮೆಟ್ಟಿದ — ಕುಣಿಸುತ್ತಿದ್ದೆನಂತೆ.

ಇನ್ನೂ ಯೋಚಿಸುತ್ತಿದ್ದಾಳೆ.

ನಾಲಿಗೆ ತುದಿಗೆ ಬಂತು. 'ಬೇಗ' ಅಂತ. ಹಲ್ಲು ಕಚ್ಚಿದೆ. ಮತ್ತೆ ಬರುತ್ತೆ, ನನಗೆ ಗೊತ್ತು. ಬಜರ್ ಬಿಚ್ಚಬಹುದು, ಇದನ್ನು ಹೇಗೆ ಬಿಚ್ಚಲಿ?

"ನಾನು ಹೊರಗಿರ್ತೀನಿ," ಅಂದೆ. "ಆದಾಗ ಕೂಗಕ್ಕ."

ಕಣ್ಣು ತೆರೆಯದೇ, "ಬಾಗಿಲು ಹಾಕ್ಕೊಂಡು ಹೋಗು," ಅಂದಳು. ನಗುತ್ತಿದ್ದಳು. ಈ ಸಲ ಗೊತ್ತಾಯಿತು.

ಎದ್ದೆ. ಬಾಗಿಲು ಹಾಕಿಕೊಂಡು ಹೊರಗೆ ನಿಂತು ಬರೆಯುತ್ತಿದ್ದೇನೆ. ಒಳಗಿಂದ ಅಕ್ಕ ಕೂಗಿದಳು—